ಐದು ಮೊರ ತೌಡು

ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತ ಬಸವರಾಜು ಪ್ರಾಮಾಣಿಕ. ಈ ವಿಷಯವನ್ನು ಅರಕಲಗೂಡಿನಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಅವನೇ ಎಲ್ಲರಿಗೂ ಹೇಳುತ್ತಿದ್ದ.

ಪತ್ರ ನೋಂದಾಯಿಸಲು ಬಂದ ರೈತ ಪ್ರೀತಿಯಿಂದ ಒಂದು ವೀಳ್ಯದೆಲೆ ಚಾಚಿದರೆ ಬಸವರಾಜು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಅವನಿಗೆ ಎಲೆ ಅಡಿಕೆ ಹಾಕುವ ಅಭ್ಯಾಸವೇ ಇರಲಿಲ್ಲ ಎಂಬುದು ಬೇರೆ ಮಾತು. ಒಮ್ಮೆ ಒಬ್ಬ ಮುದುಕ ಕಚೇರಿಯ ಜಗಲಿಯ ಮೇಲೆ ಒಂದು ಸೋರೆಕಾಯಿ ಮರೆತು ಹೋದಾಗ ಅದನ್ನು ಹಿಂದಿರುಗಿಸಲು ಬಸವರಾಜು ಮೂರು ಮೈಲಿ ನಡೆದು ಹೋಗಿದ್ದ. ಮುದುಕ ಅದನ್ನು ಮರೆತದ್ದಲ್ಲ, ಕಹಿಯೆಂದು ಬಿಟ್ಟು ಹೋದದ್ದು ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಆದರೂ ಬಸವರಾಜು ಆ ಕಹಿ ಸೋರೆಕಾಯಿಯನ್ನು ಮುದುಕನ ಕೈಯಲ್ಲಿಟ್ಟೇ ಹಿಂದಿರುಗಿದ.

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ. ಹೊಳೆನರಸೀಪುರದಿಂದ ವರ್ಗವಾಗಿ ಬಂದು ಆರು ತಿಂಗಳಾದ ಮೇಲೆ ಬಸವರಾಜು ಅರಕಲಗೂಡಿನ ಪೇಟೆಯ ಹಿಂದಿನ ಬೀದಿಯಲ್ಲಿ ಮನೆ ಹಿಡಿದು, ತನ್ನ ಊರು ಹಳೇಕೋಟೆಯಿಂದ ಹೆಂಡತಿ ಗಂಗಾಂಬಿಕೆಯನ್ನೂ ಐದು ತಿಂಗಳ ಗಂಡುಮಗುವನ್ನೂ ಕರೆತಂದ. ಇದು ಅವರ ಮೂರನೆಯ ಮಗು. ಮೊದಲಿನ ಎರಡನ್ನು ಶಿವ ಕೊಟ್ಟು, ಅವು ನಗಲು ಕಲಿಯುವಷ್ಟು ದಿನ ಬಿಟ್ಟು, ಹಿಂದಕ್ಕೆ ಕರೆಸಿಕೊಂಡಿದ್ದ. ಏಕೆಂದು ಕೇಳುವ ಕಚೇರಿ ಈ ಲೋಕದಲ್ಲಿಲ್ಲ. ಆದ್ದರಿಂದ ಬಸವರಾಜು ಈ ಮಗುವಿನ ಬಳಿ ದೇವರ ಗುಡಿಗೆ ಹೋದವನಂತೆ ಹೋಗುತ್ತಿದ್ದ. ಕಾಲು ತೊಳೆದು, ಉಸಿರು ಹಿಡಿದು, ಎರಡು ಮಾರು ದೂರದಲ್ಲಿ ನಿಂತು ನೋಡಿ ಬರುತ್ತಿದ್ದ. ಎತ್ತಿಕೊಳ್ಳುವ ಧೈರ್ಯ ಅವನಿಗೆ ಬಂದಿರಲಿಲ್ಲ. ಅಷ್ಟು ಚಿಕ್ಕ ಬೆರಳುಗಳಿಗೆ ಅಷ್ಟು ಸರಿಯಾಗಿ ಉಗುರು ಜೋಡಿಸಿದವನು ಎಂಥವನಿರಬೇಕು ಎಂದು ಬೆರಗಾಗುತ್ತಿದ್ದ.

ಗಂಗಾಂಬಿಕೆ ನುಗ್ಗೇಹಳ್ಳಿಯ ಹುಡುಗಿ. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದಳು. ಅವಳ ಮಾತು ಕಡಿಮೆ, ಅದರಲ್ಲೂ ಎರಡು ಮಕ್ಕಳು ಹೋದ ಮೇಲೆ ಇನ್ನೂ ಕಡಿಮೆ. ಹೊಸ ಊರಿನಲ್ಲಿ ಹದಿನೈದು ದಿನ ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುವಳು. ಬೀದಿಯ ಹೆಂಗಸರು ಯಾರಾದರೂ ಇತ್ತ ನೋಡಿದರೆ ಒಳಗೆ ಹೋಗುವಳು. ಅವರು ಹೋದ ಮೇಲೆ ಮತ್ತೆ ಬಂದು ನಿಲ್ಲುವಳು. ಮಗುವಿಗೆ ಬಿಕ್ಕಳಿಕೆ ಬಂದರೆ ಕೇಳಲು ಯಾರೂ ಇಲ್ಲ. ಬಸವರಾಜುವನ್ನು ಕೇಳಿದರೆ ಅವನಿಗೂ ಬಿಕ್ಕಳಿಕೆ ಬರುತ್ತಿತ್ತು.

ಮನೆ ಹೂಡಿಸಲು ಜೊತೆಗೆ ಬಂದಿದ್ದ ಅವನ ತಾಯಿ ರೇವಮ್ಮ ಇದನ್ನೆಲ್ಲ ನೋಡಿದಳು. ಊರಿಗೆ ಹೊರಟ ದಿನ ಬಸ್ಸು ಹತ್ತುವ ಮುಂಚೆ ಸೊಸೆಯನ್ನು ಹುಣಸೆಮರದ ಮರೆಗೆ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಕಂಡಕ್ಟರು ಮೂರು ಸಲ ಸೀಟಿ ಊದಿದ. ರೇವಮ್ಮ ಹೇಳುವುದನ್ನು ಮುಗಿಸಿಯೇ ಹತ್ತಿದಳು.

"ಏನಂದರು ಅವ್ವ?" ಎಂದು ಬಸವರಾಜು ಕೇಳಿದ.

"ಏನಿಲ್ಲ, ಹೆಂಗಸರ ಮಾತು" ಎಂದಳು ಗಂಗಾಂಬಿಕೆ.

ಅವನಿಗೆ ತಿಳಿಯದ ಆ ಮಾತು ನಮಗೆ ತಿಳಿದಿರಲಿ. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವನ್ನು ಹೊರಗಿನ ಹೆಂಗಸೊಬ್ಬಳಿಗೆ ಒಂದು ಮೊರ ತೌಡಿಗೆ ಮಾರುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆ ಹೊತ್ತಿನಿಂದ ಮಗು ಕೊಂಡವಳದು. ಹೆತ್ತವಳು ಬರಿಯ ಸಾಕುವವಳು. ಯಮನ ದೂತ ಹಳೆಯ ವಿಳಾಸ ಹಿಡಿದು ಬಂದರೆ, ಈ ಮನೆಯಲ್ಲಿ ಇವರ ಮಗುವೇ ಇಲ್ಲ, ತೌಡಿಗೆ ಬಂದ ಯಾರದೋ ಮಗು ಇದೆ ಎಂದು ಹಿಂದಿರುಗುತ್ತಾನೆ. ರೇವಮ್ಮ ಮೂರು ಕಟ್ಟಳೆ ಹೇಳಿದ್ದಳು. ನೆಂಟರಿಗೆ ಮಾರಬಾರದು, ಹಳೇಕೋಟೆಯಲ್ಲಿ ಬೀದಿಯೆಲ್ಲ ನೆಂಟರೇ ಆದ್ದರಿಂದ ಅಲ್ಲಿ ಆಗಲಿಲ್ಲ. ಮಗು ಹೆಜ್ಜೆ ಇಡುವ ತನಕ ತೌಡು ಮನೆ ಬಿಟ್ಟು ಹೋಗಬಾರದು, ಮಗು ಉಳಿಯದಿದ್ದಾಗ ಮಾತ್ರ ಅದು ಕೊಂಡವಳಿಗೆ ಹಿಂದಿರುಗುವುದು. ಮಗುವಿನ ತಂದೆಗೆ ತಿಳಿಯಬಾರದು. ಗಂಡಸಿಗೆ ತಿಳಿದದ್ದು ಊರಿಗೆ ತಿಳಿಯುತ್ತದೆ, ಊರಿಗೆ ತಿಳಿದದ್ದು ಯಮನಿಗೆ ತಿಳಿಯದೆ ಇರುತ್ತದೆಯೇ?

ಬಸವರಾಜುವಿನ ಸ್ವಂತ ಸೋದರಮಾವನ ಹೆಸರು ತೌಡಪ್ಪ. ಆ ಹೆಸರು ಯಾಕೆ ಬಂತೆಂದು ಅವನು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಓದಿದವರ ತಲೆ ಹಾಗೆಯೇ.

ಮಾರುವುದಕ್ಕೆ ಮೊದಲು ಕೊಳ್ಳುವವಳ ಪರಿಚಯವಾಗಬೇಕಲ್ಲ. ಮಾರನೆಯ ದಿನ ಗಂಗಾಂಬಿಕೆ ಬಾಗಿಲಲ್ಲಿ ನಿಂತಳು. ಎದುರು ಮನೆಯ ಹೊನ್ನಕ್ಕ, ನಾಲ್ಕು ಎಮ್ಮೆ ಕಟ್ಟಿ ಹಾಲು ಮಾರುವವಳು, ಬಿಂದಿಗೆ ಹೊತ್ತು ಹೋಗುತ್ತ ಇತ್ತ ನೋಡಿದಳು. ಗಂಗಾಂಬಿಕೆಯ ಕಾಲು ಒಳಗೆ ಓಡಲು ಎಳೆಯಿತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು.

"ಅಕ್ಕಾ, ನನ್ನ ಮಗೂನ ಕೊಂಡ್ಕೊಳ್ತೀರಾ?" ಎಂದಳು. ಆ ಊರಿನವರೊಡನೆ ಅವಳು ಆಡಿದ ಮೊದಲನೆಯ ಮಾತು ಅದು.

ಬೇರೆ ಯಾವ ದೇಶದಲ್ಲಾದರೂ ಕೇಳಿದವಳು ಪೊಲೀಸರನ್ನು ಕರೆಯುತ್ತಿದ್ದಳು. ಹೊನ್ನಕ್ಕ ಬಿಂದಿಗೆ ಇಳಿಸಿ, "ಇದ್ಕೂ ಮುಂಚೆ ಎಷ್ಟು ಓದವವ್ವ?" ಎಂದು ಕೇಳಿದಳು. ಗಂಗಾಂಬಿಕೆ ಎರಡು ಬೆರಳು ತೋರಿಸಿದಳು. ಹೊನ್ನಕ್ಕ ಮತ್ತೇನೂ ಕೇಳಲಿಲ್ಲ. ಮನೆಗೆ ಹೋಗಿ ಒಂದು ಮೊರ ತೌಡು ತಂದು ಹೊಸಲಿನ ಒಳಗೆ ಸುರಿದು, ಸೆರಗೊಡ್ಡಿ ಮಗುವನ್ನು ತೆಗೆದುಕೊಂಡು, "ಇದು ನನ್ನ ಮಗ ಕಣ್ರಪ್ಪ" ಎಂದು ಯಾರೂ ಇಲ್ಲದ ಕಡೆ ನೋಡಿ ಹೇಳಿದಳು. ಆಮೇಲೆ ಹಿಂದಕ್ಕೆ ಕೊಟ್ಟು, "ನನ್ನ ಮಗೀನ ಸಾಕ್ಕೊಡವ್ವ. ದಿನಾ ಬಂದು ನೋಡ್ಕೊಂಡೋಯ್ತೀನಿ. ಇವನ ಎಸರು ತಿಪ್ಪ" ಎಂದಳು. ಮರುದಿನ ಬಂದಳು. ಬಿಕ್ಕಳಿಕೆಗೆ ಮದ್ದು ಹೇಳಿದಳು. ಗಂಗಾಂಬಿಕೆಗೆ ಸಬ್ಬಸಿಗೆ ಸೊಪ್ಪು ತಂದಳು. ಅಂದು ಸಂಜೆ ಗಂಗಾಂಬಿಕೆ ಹಾಡು ಗುನುಗಿದ್ದನ್ನು ಬಸವರಾಜು ಕೇಳಿಸಿಕೊಂಡ.

ಇಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಸುಬ್ಬಮ್ಮ, ಆಸ್ಪತ್ರೆಯ ಕಾಂಪೌಂಡರ್ ಕೃಷ್ಣಪ್ಪನ ಹೆಂಡತಿ, ಆರು ಮಕ್ಕಳ ತಾಯಿ, ನಾಲ್ಕು ದಿನ ಬಿಟ್ಟು ಹೆಪ್ಪು ಕೇಳಲು ಬಂದಳು. ಮಗುವನ್ನು ನೋಡಿದಳು. ಎರಡು ಮಕ್ಕಳು ಹೋದದ್ದನ್ನು ಕೇಳಿ ತಿಳಿದಳು. "ಅಯ್ಯೋ ತಾಯಿ, ಮಾರದೆ ಹಂಗೇ ಇಟ್ಕೊಂಡಿದೀಯಾ? ನನ್ನ ಆರೂ ಗುಂಡುಕಲ್ಲಂಗವೆ. ನಾನು ಕೊಂಡ್ಕೋತೀನಿ, ತಡಿ" ಎಂದು ಎದ್ದೇಬಿಟ್ಟಳು.

ಮಾರಿಯಾಗಿದೆ ಎಂದು ಗಂಗಾಂಬಿಕೆ ಹೇಳಬೇಕಾಗಿತ್ತು. ಬಾಯಿ ತೆರೆದಳು. ಹಾಗೆಂದರೆ ಸುಬ್ಬಮ್ಮ ಹೆಪ್ಪು ತೆಗೆದುಕೊಂಡು ಹೋಗಿ ಮತ್ತೆ ಬರುವುದಿಲ್ಲ ಎನಿಸಿತು. ಬಾಯಿ ಮುಚ್ಚಿದಳು. ಮಗುವಿಗೆ ಕರಿಯ ಎಂದು ಹೆಸರಾಯಿತು.

ದರ್ಜಿ ರಾಮಣ್ಣನ ಹೆಂಡತಿ ಮಗುವಿಗೆ ಅಂಗಿ ಅಳತೆ ತೆಗೆಯಲು ಬಂದು ಕೊಂಡಳು. ಎಲೆ ಅಂಗಡಿಯ ಮುದುಕಿ ಬಿಸಿಲಿಗೆ ನೀರು ಕೇಳಲು ಬಂದು ಕೊಂಡಳು. ಐದನೆಯದಾಗಿ ಬಂದವರು ಸಬ್ ರಿಜಿಸ್ಟ್ರಾರ್ ಚಂದ್ರಶೇಖರಯ್ಯನವರ ಮನೆಯ ಅಮ್ಮನವರು. ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಗುಮಾಸ್ತನ ಹೆಂಡತಿಯನ್ನು ವಿಚಾರಿಸಲು ಬಂದವರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತೇ ಇದ್ದರು. ಹೋಗುವಾಗ, "ಮಕ್ಕಳಿಲ್ಲದವಳು ಕೊಳ್ಳಬಾರದು ಅಂತಾರೆ. ನಿನ್ನ ಮನಸ್ಸಿಗೆ ಸರಿ ಅನ್ನಿಸಿದರೆ ನನಗೆ ಕೊಡ್ತೀಯಾ ಗಂಗಾ?" ಎಂದರು. ಗಂಗಾಂಬಿಕೆ ಈ ಸಲ ಯೋಚಿಸಲೂ ಇಲ್ಲ, ಮಗುವನ್ನೇ ಅವರ ಸೆರಗಿಗೆ ಹಾಕಿದಳು.

ಹೀಗೆ ಒಂದು ತಿಂಗಳೊಳಗೆ ಆ ಮಗು ಐದು ಜನಕ್ಕೆ ಕ್ರಯವಾಯಿತು. ಒಬ್ಬಳಿಗೆ ಗೊತ್ತಿದ್ದದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ, ಕೊಂಡವಳು ಬಾಯಿ ಬಿಡಬಾರದೆಂಬುದೂ ಪದ್ಧತಿಯೇ. ಗಂಗಾಂಬಿಕೆ ಹೊಸಲಿನ ಮೇಲೆ ಬೀಳುವ ಬಿಸಿಲನ್ನು ನೋಡಿ ಹೊತ್ತು ಹಂಚಿದಳು. ಹಾಲು ಮಾರಿದ ಮೇಲೆ ಹೊನ್ನಕ್ಕ, ಕೃಷ್ಣಪ್ಪ ಆಸ್ಪತ್ರೆಗೆ ಹೋದ ಮೇಲೆ ಸುಬ್ಬಮ್ಮ, ಹೀಗೆ ಸಂಜೆ ನಾಲ್ಕಕ್ಕೆ ಅಮ್ಮನವರ ತನಕ. ಮಗು ಬೆಳಗ್ಗೆ ತಿಪ್ಪ, ಹತ್ತಕ್ಕೆ ಕರಿಯ, ಸಂಜೆಗೆ ಪುಟ್ಟಸ್ವಾಮಿ. ಮಗುವಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಎಲ್ಲ ಹೆಸರಿಗೂ ಅದು ಕಾಲು ಬಡಿದು ನಗುತ್ತಿತ್ತು. ಗಂಗಾಂಬಿಕೆಯ ಕೆನ್ನೆಗೆ ರಂಗು ಬಂತು. ಇಷ್ಟೊಂದು ಮಾತು ಇವಳೊಳಗೆ ಎಲ್ಲಿತ್ತು ಎಂದು ಬಸವರಾಜುವಿಗೆ ಅಚ್ಚರಿಯಾಯಿತು.

ಆಮೇಲೆ ಒಂದು ಶನಿವಾರ ಸಂಜೆ ಅವನು ಅಟ್ಟದ ಕೆಳಗೆ ಒಲೆಯುರಿಗೆ ಚಕ್ಕೆ ಹುಡುಕಲು ಹೋಗಿ ತೌಡನ್ನು ಕಂಡ. ಒಂದು ಮಡಕೆಯಲ್ಲಿ, ಒಂದು ಡಬ್ಬದಲ್ಲಿ, ಎರಡು ಕುಕ್ಕೆಯಲ್ಲಿ, ಒಂದು ಮೊರದಲ್ಲೇ. ಮನೆಯಲ್ಲಿ ದನವಿಲ್ಲ, ಕರುವಿಲ್ಲ.

"ಇದು ಯಾರು ಕೊಟ್ಟಿದ್ದು?"

ಗಂಗಾಂಬಿಕೆ ಬೆಚ್ಚಿದಳು. ಸುಳ್ಳು ಹೇಳಲು ಬಾರದವಳು ನಾಲ್ಕು ಹೆಸರು ಹೇಳಿದಳು, ಐದನೆಯದನ್ನು ನುಂಗಿದಳು.

"ಯಾಕೆ ಕೊಟ್ಟರು?"

"ಪ್ರೀತಿಗೆ. ನೀವು ಅದನ್ನ ಮುಟ್ಟಬೇಡಿ."

ಪ್ರೀತಿಗೆ. ಬಸವರಾಜುವಿನ ಮೈ ಜುಮ್ಮೆಂದಿತು. ಹತ್ತು ವರ್ಷದ ನೌಕರಿಯಲ್ಲಿ ಕಚೇರಿಗೆ ಏನನ್ನಾದರೂ ಹೊತ್ತು ತಂದವರೆಲ್ಲ ಹೇಳುತ್ತಿದ್ದ ಮಾತೇ ಅದು. ಹೊನ್ನಕ್ಕನ ಮೈದುನನ ನಿವೇಶನದ ಪತ್ರ ಕಚೇರಿಯಲ್ಲಿತ್ತು. ಕೃಷ್ಣಪ್ಪನ ವಿಭಾಗ ಪತ್ರ ಇತ್ತು. ದರ್ಜಿಯದೂ ಏನೋ ಇತ್ತು. ಅರಕಲಗೂಡಿನಲ್ಲಿ ಕಚೇರಿಯಲ್ಲಿ ಕಾಗದ ಇಲ್ಲದವರು ಯಾರೆಂದು ಅವನು ಯೋಚಿಸಲಿಲ್ಲ. ತನಗೆ ಕೊಟ್ಟರೆ ತಗೊಳ್ಳುವುದಿಲ್ಲವೆಂದು ತಿಳಿದು ಹೆಂಡತಿಯ ಕೈಯಲ್ಲಿ ಲಂಚ ತುಂಬಿದ್ದಾರೆ ಎಂದು ತೀರ್ಮಾನಿಸಿದ. ಐದನೆಯದು ಇದ್ದ ಮೊರವನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೆಂಪು ಬಣ್ಣದಲ್ಲಿ 'ಚಂ.ಶೇ.' ಎಂದು ಬರೆದಿತ್ತು. ಚಂದ್ರಶೇಖರಯ್ಯನವರು ತಮ್ಮ ಮನೆಯ ಕೊಡೆ, ಚೊಂಬು, ಪೊರಕೆ ಎಲ್ಲದರ ಮೇಲೂ ಹೆಸರು ಬರೆಸುವವರು.

ಬಸವರಾಜು ಅಲ್ಲೇ ಕುಳಿತುಬಿಟ್ಟ. ಸಾಹೇಬರಿಗೆ ತನ್ನಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ. ಆದ್ದರಿಂದ ಇದು ಪರೀಕ್ಷೆ. ಹಿಂದಿನ ಗುಮಾಸ್ತನನ್ನು ಹೀಗೆಯೇ ಒಂದು ಬುಟ್ಟಿ ಹಲಸಿನ ತೊಳೆ ಕಳಿಸಿ ಹಿಡಿದರೆಂದು ಅವನು ಎಲ್ಲೋ ಕೇಳಿದ್ದ. ತನ್ನ ಪ್ರಾಮಾಣಿಕತೆಯನ್ನು ಐದು ಮೊರ ತೌಡು ಹಾಕಿ ತೂಗುತ್ತಿದ್ದಾರೆ.

ಭಾನುವಾರ ಬೆಳಗ್ಗೆ ಗಂಗಾಂಬಿಕೆ ಮಗುವನ್ನು ಎತ್ತಿಕೊಂಡು ದರ್ಜಿಯ ಹೆಂಡತಿಯ ಜೊತೆ ಕೆರೆಗೆ ಬಟ್ಟೆ ಒಗೆಯಲು ಹೋದಳು. ಬಸವರಾಜು ಕಚೇರಿಯ ಹಳೆಯ ಜವಾನ ಲಕ್ಕಯ್ಯನನ್ನು ಕರೆಸಿ, ಐದು ಮೊರದ ತೌಡನ್ನೂ ದೊಡ್ಡ ಬುಟ್ಟಿಗೆ ತುಂಬಿ ಅವನ ತಲೆಯ ಮೇಲೆ ಹೊರಿಸಿದ. ಖಾಲಿ ಮೊರವನ್ನು ತಾನು ಹಿಡಿದ.

"ಸಾ, ಇದು ಎಂತಾ ತೌಡು ಸಾ?" ಎಂದ ಲಕ್ಕಯ್ಯ. ಅವನ ಕಣ್ಣಲ್ಲಿ ಅನುಮಾನವಿತ್ತು. "ಮಗ ಇರೋ ಮನೇಲಿ ತೌಡು ಅಂದ್ರೆ..."

"ಮಾತಾಡಬೇಡ, ನಡಿ. ಇದು ಮರ್ಯಾದೆ ಪ್ರಶ್ನೆ."

"ಅಲ್ಲ ಸಾ, ನಮ್ಮತ್ತಿಗೆ ಮಗೀಗೂವೆ..."

"ನಡಿ ಅಂದೆ."

ಹೊನ್ನಕ್ಕ ಎಮ್ಮೆ ಕರೆಯುತ್ತ ಕೂತಿದ್ದಳು. ಬಸವರಾಜು ಬುಟ್ಟಿಯಿಂದ ಒಂದು ಮೊರ ತೌಡು ತುಂಬಿ ಅವಳ ಮುಂದಿಟ್ಟು ನೆಟ್ಟಗೆ ನಿಂತ.

"ನಿಮ್ಮ ತೌಡು. ನಾನು ಇಂಥದ್ದು ಇಟ್ಟುಕೊಳ್ಳೋನಲ್ಲ."

ಹೊನ್ನಕ್ಕನ ಕೈ ಕೆಚ್ಚಲಿನ ಮೇಲೇ ನಿಂತಿತು. "ಬಸ್ರಾಜಣ್ಣ, ಮಗ ಎಂಗೈತೆ?"

"ಮಗು ಚೆನ್ನಾಗಿದೆ. ಮಗುವಿಗೂ ಇದಕ್ಕೂ ಏನು ಸಂಬಂಧ? ನಿಮ್ಮ ಮೈದುನನ ಪತ್ರ ಸರದಿ ಬಂದಾಗ ಆಗುತ್ತೆ. ತೌಡು ಕೊಟ್ಟರೆ ಬೇಗ ಆಗಲ್ಲ."

"ಯಾವ ಪತ್ರವೋ? ತಕ್ಕೊಂಡೋಗಪ್ಪ ಇದ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಮುಟ್ಟಾಕಿಲ್ಲ, ನಮ್ಮನೇಲಿ ಇಳಿಸ್ಬ್ಯಾಡ" ಎಂದು ಹೊನ್ನಕ್ಕ ಎದ್ದು ಹಿಂದಕ್ಕೆ ಸರಿದಳು.

ಅಷ್ಟು ಹೊತ್ತಿಗೆ ಎಮ್ಮೆ ಮೊರಕ್ಕೆ ಮೂತಿ ಇಟ್ಟು ಅರ್ಧ ತೌಡನ್ನು ಮುಗಿಸಿತ್ತು. ಹೊನ್ನಕ್ಕ ಎಮ್ಮೆಯ ಮುಖ ನೋಡಿದಳು, ಬಸವರಾಜುವಿನ ಮುಖ ನೋಡಿದಳು, ಹಾಲಿನ ತಂಬಿಗೆಯನ್ನು ಅಲ್ಲೇ ಬಿಟ್ಟು ತಲೆಗೂದಲು ಬಿಚ್ಚಿಹೋದದ್ದೂ ತಿಳಿಯದೆ ಬೀದಿಗೆ ಓಡಿದಳು. ಪಾಪ, ಸಿಕ್ಕಿಬಿದ್ದ ನಾಚಿಕೆ ಎಂದುಕೊಂಡು ಬಸವರಾಜು ಉಳಿದ ತೌಡನ್ನು ಅಲ್ಲೇ ಸುರಿದು ಮೊರ ತೆಗೆದುಕೊಂಡ.

ಸುಬ್ಬಮ್ಮನ ಮನೆಯಲ್ಲಿ ಬಾಗಿಲು ತೆರೆದವನು ಕೃಷ್ಣಪ್ಪ. "ತೌಡಾ? ನಮ್ಮನೇಲಿ ದನ ಇಲ್ವಲ್ಲ ಬಸವರಾಜು, ಆರು ಮಕ್ಕಳವೆ ಅಷ್ಟೇ" ಎಂದ. ಒಳಗಿಂದ ಸೌಟು ಹಿಡಿದು ಬಂದ ಸುಬ್ಬಮ್ಮ ಮೊರವನ್ನು ನೋಡಿ ಸೌಟು ಬೀಳಿಸಿದಳು. "ತಂದೆಯಾದವನೇ ತಂದು ಕೊಟ್ಟನಲ್ಲೋ ಶಿವನೇ" ಎಂದಳು. ಕೃಷ್ಣಪ್ಪ ಏನೆಂದು ಕೇಳುವುದರೊಳಗೆ ಅವಳೂ ಬೀದಿಯಲ್ಲಿದ್ದಳು. ಎಲೆ ಅಂಗಡಿಯ ಮುದುಕಿ ಎದೆ ಬಡಿದುಕೊಂಡಳು. ಅಪರಾಧ ಮಾಡಿದವರಿಗೆ ಇಷ್ಟು ಪಶ್ಚಾತ್ತಾಪ ಆಗುವುದನ್ನು ಬಸವರಾಜು ಎಂದೂ ಕಂಡಿರಲಿಲ್ಲ. ಪ್ರಾಮಾಣಿಕತೆಗೆ ಇಂಥ ಶಕ್ತಿಯಿದೆಯೇ ಎಂದು ತನ್ನ ಬಗ್ಗೆ ತನಗೇ ಬೆರಗಾಯಿತು.

ಕೊನೆಗೆ ಸಾಹೇಬರ ಮನೆ. ಚಂದ್ರಶೇಖರಯ್ಯನವರು ಸ್ನಾನ ಮುಗಿಸಿ ವಿಭೂತಿ ಹಚ್ಚಿ ಜಗಲಿಯಲ್ಲಿ ಕೂತಿದ್ದರು. ಬಸವರಾಜು ಅವರ ಹೆಸರಿದ್ದ ಮೊರವನ್ನು ಎರಡು ಕೈಯಲ್ಲಿ ಹಿಡಿದು ಮುಂದಿಟ್ಟ.

"ಸಾರ್, ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೀನಿ ಅಂದ್ಕೊಂಡಿದೀನಿ."

"ಯಾವ ಪರೀಕ್ಷೆ?" ಎಂದರು ಚಂದ್ರಶೇಖರಯ್ಯ.

ಅಷ್ಟರಲ್ಲಿ ಒಳಗಿನಿಂದ ಅಮ್ಮನವರು ಬಂದರು. ಮೊರವನ್ನು ನೋಡಿದರು. ಕಂಬ ಹಿಡಿದು ಕುಸಿದು ಕೂತರು. "ನನ್ನ ಮಗ ಹೋಯ್ತಾ? ನನ್ನ ಮಗ ಉಳೀಲಿಲ್ವಾ?" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಚಂದ್ರಶೇಖರಯ್ಯನವರು ಹೆಂಡತಿಯನ್ನು ನೋಡಿದರು. ಇಪ್ಪತ್ತೆರಡು ವರ್ಷದ ಸಂಸಾರವನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ತಿರುವಿ ಹಾಕಿದರು. ಆಮೇಲೆ ನಿಧಾನವಾಗಿ ಕೇಳಿದರು:

"ನಮಗೆ ಮಗ ಯಾವಾಗ ಆಗಿದ್ದ?"

ಅಮ್ಮನವರು ಎದ್ದು, ಕಾಲಿಗೆ ಚಪ್ಪಲಿಯಿಲ್ಲದೆ ಬೀದಿಗೆ ನಡೆದರು. ಅವರ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಬಸವರಾಜು, ಅವನ ಹಿಂದೆ ಬುಟ್ಟಿ ಹೊತ್ತ ಲಕ್ಕಯ್ಯ.

"ಸಾ, ಈಗ್ಲಾದ್ರೂ ಏಳ್ಲಾ?" ಎಂದ ಲಕ್ಕಯ್ಯ.

"ಹೇಳು" ಎಂದ ಬಸವರಾಜು.

ಲಕ್ಕಯ್ಯ ಹೇಳಿದ. ನಡೆಯುತ್ತಲೇ ಹೇಳಿದ. ಮಾತು ಮುಗಿಯುವುದರೊಳಗೆ ಸೋದರಮಾವ ತೌಡಪ್ಪನ ಹೆಸರಿನ ಅರ್ಥ ಇಪ್ಪತ್ತೆಂಟು ವರ್ಷ ತಡವಾಗಿ ಬಸವರಾಜುವಿನ ತಲೆಗಿಳಿಯಿತು. ಯಮನಿಗೆ ಸಿಗದಂತೆ ಹೆಂಡತಿ ಬಚ್ಚಿಟ್ಟಿದ್ದ ಮಗುವನ್ನು ತಾನು ಮನೆಮನೆಗೆ ಹೋಗಿ, ಸಾಕ್ಷಿ ಸಮೇತ, ಹಿಂದಕ್ಕೆ ತನ್ನ ಹೆಸರಿಗೆ ಬರೆಸಿಕೊಂಡಿದ್ದ.

ಮನೆಯ ಮುಂದೆ ಬೀದಿಯೆಲ್ಲ ಸೇರಿತ್ತು. ಹೊನ್ನಕ್ಕ, ಸುಬ್ಬಮ್ಮ, ಮುದುಕಿ ಮೂವರೂ ಬಾಗಿಲಲ್ಲಿ ಎದುರುಬದುರಾಗಿ ನಿಂತಿದ್ದರು. ಅಮ್ಮನವರು ಸೇರಿದರು. ಅದೇ ಹೊತ್ತಿಗೆ ಒದ್ದೆ ಬಟ್ಟೆಯ ಗಂಟು ತಲೆಯ ಮೇಲೆ, ಮಗು ಸೊಂಟದ ಮೇಲೆ, ಗಂಗಾಂಬಿಕೆ ಕೆರೆಯಿಂದ ಬಂದಳು, ಜೊತೆಗೆ ದರ್ಜಿಯ ಹೆಂಡತಿ. ಮಗು ಬದುಕಿದೆ ಎಂದು ಕಂಡ ಕೂಡಲೆ ನಾಲ್ವರೂ ಒಟ್ಟಿಗೆ ಕೈ ಚಾಚಿದರು.

"ಬಾ ತಿಪ್ಪ."

"ಬಾರೋ ಕರಿಯ."

"ಪುಟ್ಟಸ್ವಾಮಿ, ಬಾ ಕಂದ."

ಚಾಚಿದ ಕೈಗಳು ಗಾಳಿಯಲ್ಲೇ ನಿಂತವು. ಒಬ್ಬರ ಮುಖ ಒಬ್ಬರು ನೋಡಿದರು.

"ನಿಂಗ್ಯಾವ ಕರಿಯ? ಇವನು ನಾ ಕೊಂಡ ಮಗ" ಎಂದಳು ಹೊನ್ನಕ್ಕ.

"ನೀನು ಕೊಂಡಿದ್ಯಾ? ನಾನು ಕೊಟ್ಟ ತೌಡು ಏನು ಬೂದಿನಾ?" ಎಂದಳು ಸುಬ್ಬಮ್ಮ.

"ನಾನೂ ಕೊಟ್ಟಿದ್ದೀನಲ್ಲ" ಎಂದಳು ದರ್ಜಿಯ ಹೆಂಡತಿ, ಯಾರನ್ನು ಕೇಳುವುದೆಂದು ತಿಳಿಯದೆ.

ಚಂದ್ರಶೇಖರಯ್ಯನವರು ಗಂಟಲು ಸರಿಪಡಿಸಿಕೊಂಡರು. ಇಷ್ಟು ಹೊತ್ತು ತಿಳಿಯದಿದ್ದ ವಿಷಯ ಈಗ ತಮ್ಮ ಇಲಾಖೆಗೆ ಸೇರಿದ್ದೆಂದು ಅವರಿಗೆ ಅರ್ಥವಾಗಿತ್ತು. "ಒಂದೇ ಸ್ವತ್ತನ್ನು ಐದು ಜನಕ್ಕೆ ಕ್ರಯ ಮಾಡಿದರೆ ಮೊದಲನೆ ಕ್ರಯವೇ ಊರ್ಜಿತ" ಎಂದರು. "ಉಳಿದವು..." ಎನ್ನುತ್ತ ಹೆಂಡತಿಯ ಮುಖ ನೋಡಿದರು. ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಅವರ ನೌಕರಿಯಲ್ಲಿ ಅರ್ಧಕ್ಕೆ ನಿಂತ ಆದೇಶ ಅದೊಂದೇ.

ಎಲ್ಲರೂ ಗಂಗಾಂಬಿಕೆಯತ್ತ ತಿರುಗಿದರು. ಅವಳ ಒದ್ದೆ ಗಂಟಿನಿಂದ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ಅತ್ತೆ ಒಬ್ಬರಿಗೇ ಮಾರು ಅಂದಿದ್ರು" ಎಂದಳು. "ಹೊನ್ನಕ್ಕಂಗೆ ಕೊಟ್ಟೆ. ಆಮೇಲೆ ನೀವೆಲ್ಲ ಬಂದ್ರಿ. ಇಲ್ಲ ಅಂದ್ರೆ ನೀವು ಮತ್ತೆ ನಮ್ಮನೆಗೆ ಬರೋದಿಲ್ಲ ಅನ್ನಿಸ್ತು. ಮೊದಲೆರಡು ಮಕ್ಕಳು ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂರೋಕೆ ಯಾರೂ ಇರಲಿಲ್ಲ."

ಅಷ್ಟರಲ್ಲಿ ಮಗು ಸೀನಿತು.

ಒಂದೇ ಸೀನು.

ಒಂಟಿ ಸೀನು ಅಪಶಕುನವೆಂದು, ಜೋಡಿ ಸೀನು ಶುಭವೆಂದು ನಮ್ಮಲ್ಲಿ ತಿಳಿಯದವರಿಲ್ಲ. ಬೀದಿ ಉಸಿರು ಹಿಡಿದು ಎರಡನೆಯ ಸೀನಿಗೆ ಕಾಯಿತು. ಹೊನ್ನಕ್ಕ ಸುಬ್ಬಮ್ಮನ ಕೈ ಹಿಡಿದುಕೊಂಡಿದ್ದಳು, ತಾನು ಹಿಡಿದದ್ದು ಯಾರ ಕೈಯೆಂದು ಅವಳಿಗೆ ತಿಳಿದಿರಲಿಲ್ಲ. ಕೃಷ್ಣಪ್ಪ ಕಾಂಪೌಂಡರನಾಗಿದ್ದೂ ಬೆರಳು ಮಡಿಸಿ ಎಣಿಸುತ್ತಿದ್ದ. ಶಕುನವನ್ನು ನಂಬುವುದಿಲ್ಲವೆಂದು ಕಚೇರಿಯಲ್ಲಿ ಹೇಳುತ್ತಿದ್ದ ಚಂದ್ರಶೇಖರಯ್ಯನವರು ಮಗುವಿನ ಮೂಗನ್ನೇ ನೋಡುತ್ತಿದ್ದರು. ಬಸವರಾಜು ಮನಸ್ಸಿನಲ್ಲಿ, ಶಿವನೇ, ಇನ್ನು ಮೇಲೆ ಯಾರು ಏನು ಕೊಟ್ಟರೂ ಇಸಕೊಳ್ಳುತ್ತೇನೆ ಎಂದು ಹರಕೆ ಹೊತ್ತ. ಸೀನು ಬರಲಿಲ್ಲ.

"ಏನ್ರಪ್ಪ ಅದು, ಎಲ್ಲಾ ಎಣದ ಮುಂದೆ ನಿಂತಂಗೆ ನಿಂತಿದ್ದೀರಿ?" ಎಂದು ಕೋಲೂರಿಕೊಂಡು ಬಂದವಳು ಸೂಲಗಿತ್ತಿ ಸಣ್ಣಕ್ಕ. ಆ ಬೀದಿಯ ಅರ್ಧ ಜನ ಅವಳ ಕೈಗೆ ಹುಟ್ಟಿದವರು. ಕೃಷ್ಣಪ್ಪನೂ ಒಬ್ಬ. ಅವಳು ಬಂದರೆ ದಾರಿ ಬಿಡುತ್ತಿದ್ದರು.

ವಿಷಯವನ್ನು ಐದು ಜನ ಒಟ್ಟಿಗೆ ಹೇಳಿದರು. ಸಣ್ಣಕ್ಕ ಎಲ್ಲವನ್ನೂ ಕೇಳಿ, ಲಕ್ಕಯ್ಯನ ಬುಟ್ಟಿಯಿಂದ ಒಂದು ಚಿಟಿಕೆ ತೌಡು ತೆಗೆದು, ಅಂಗೈಯಲ್ಲಿಟ್ಟು ಮಗುವಿನ ಮುಂದೆ ಉಫ್ ಎಂದು ಊದಿದಳು. ಮಗು ಮುಖ ಕಿವುಚಿ ಗಟ್ಟಿಯಾಗಿ ಸೀನಿತು. ಮತ್ತೂ ಸೀನಿತು. ಬೀದಿಯ ಉಸಿರು ಹೊರಬಿತ್ತು.

"ಈ ವಯ್ಯ ಬೆಳಗಿಂದ ಊರೆಲ್ಲ ತೌಡು ಎರಚ್ಕೊಂಡು ತಿರುಗವ್ನೆ, ಮಗ ಸೀನ್ದೆ ಇನ್ನೇನ್ ಮಾಡ್ತದೆ?" ಎಂದಳು ಸಣ್ಣಕ್ಕ. ಆಮೇಲೆ ಹೊಸಲಿನ ಮೇಲೆ ಕೂತಳು. "ಅಲ್ಲ ಕಣ್ರವ್ವ, ಒಬ್ಬಳಿಗೆ ಮಾರುದ್ರೆ ಯಮನಾಳು ಒಂದು ಮನೆ ಬಾಗ್ಲು ತಟ್ತಾನೆ. ಅವಳು ನಿದ್ದೇಲಿದ್ರೆ ಏನ್ಗತಿ? ಐದು ಜನಕ್ಕೆ ಮಾರವ್ಳೆ. ಇವನು ಬತ್ತಾನೆ. ಮಗ ಯಾರ್ದು ಅಂತಾನೆ. ಒನ್ನಿ ನಂದು ಅಂತಾಳೆ. ಅಲ್ಲೋಯ್ತಾನೆ, ಸುಬ್ಬಿ ನಂದು ಅಂತಾಳೆ. ಎಸರು ಕೇಳ್ತಾನೆ. ಒಬ್ಬಳು ತಿಪ್ಪ ಅಂತಾಳೆ, ಒಬ್ಬಳು ಕರಿಯ ಅಂತಾಳೆ. ಕೊನೀಗೆ ರಿಜಿಸ್ಟ್ರಾರ್ ಮನೀಗೋದ್ರೆ, ಇವತ್ತು ಬ್ಯಾಡ, ಸೋಮವಾರ ಬಾ ಅಂತಾರೆ. ಅವನು ಕ್ವಾಣದ ಮ್ಯಾಲೆ ಕೂತು ತಿರುಗಿ ತಿರುಗಿ, ಈ ಊರಿನ ಸಾವಾಸ ಬ್ಯಾಡ ಅಂತ ಓಯ್ತಾನೆ ಕಣವ್ವ."

ಬಸವರಾಜು ಬೆರಗಾಗಿ ನಿಂತ. ಹತ್ತು ವರ್ಷ ಕಚೇರಿಯಲ್ಲಿದ್ದೂ, ಒಂದು ಕಾಗದ ಐದು ಮೇಜು ಸುತ್ತಿದರೆ ಯಾವ ಕೆಲಸವೂ ಆಗುವುದಿಲ್ಲ ಎಂಬುದು ಇಷ್ಟು ದೊಡ್ಡ ದೈವಕೃಪೆಯೆಂದು ಅವನಿಗೆ ಹೊಳೆದಿರಲಿಲ್ಲ. ಚಂದ್ರಶೇಖರಯ್ಯನವರೂ ತಲೆದೂಗಿದರು. "ಜಂಟಿ ಕ್ರಯ. ಅದಕ್ಕೆ ಅಡ್ಡಿಯಿಲ್ಲ" ಎಂದರು. ಹೆಂಡತಿಯ ಮುಖ ಅರಳಿದ್ದನ್ನು ಅವರು ನೋಡದಂತೆ ನೋಡಿದರು.

"ಆದ್ರೆ ಈ ವಯ್ಯ ಬೆಲೆ ಇಂದುಕ್ಕೆ ಕೊಟ್ಬುಟ್ಟವ್ನಲ್ಲ. ಇನ್ನೊಂದ್ ಕಿತ ಕೊಳ್ಬೇಕು, ಐದು ಜನಾನೂ ಒಂದೇ ಮೊರದಲ್ಲಿ. ಗಂಡಸ್ರು ಆಚಿಗೋಗಿ. ನೀವು ನೋಡೂ ಇಲ್ಲ, ಕೇಳೂ ಇಲ್ಲ" ಎಂದು ಸಣ್ಣಕ್ಕ ಕೋಲು ತೋರಿಸಿದಳು.

ಬಾಗಿಲು ಮುಚ್ಚಿತು. ಸಬ್ ರಿಜಿಸ್ಟ್ರಾರರು, ಕಾಂಪೌಂಡರು, ಗುಮಾಸ್ತ, ಜವಾನ ನಾಲ್ವರೂ ಎದುರು ಗೋಡೆಯ ಕಡೆ ಮುಖ ಮಾಡಿ ಶಾಲೆಯಲ್ಲಿ ತಪ್ಪು ಮಾಡಿದವರಂತೆ ನಿಂತರು. ಅರ್ಧ ತೌಡು ತಿಂದಿದ್ದ ಹೊನ್ನಕ್ಕನ ಎಮ್ಮೆ ಅವರ ಪಕ್ಕದಲ್ಲಿ ಮೆಲುಕು ಹಾಕುತ್ತಿತ್ತು. ಒಳಗಿನಿಂದ ತೌಡು ಸುರಿದ ಸದ್ದು ಬಂತು. ಆಮೇಲೆ ಐದು ಹೆಂಗಸರು, ಐದು ಬಗೆಯ ಧ್ವನಿಯಲ್ಲಿ, ಒಂದೇ ಸಲ "ಇದು ನನ್ನ ಮಗ" ಎಂದದ್ದು ಕೇಳಿಸಿತು. ಬಸವರಾಜುವಿನ ಮೈಮೇಲೆ ರೋಮ ಎದ್ದವು. ಎಷ್ಟೋ ಶಿವಪೂಜೆಯಲ್ಲಿ ಕೂತಿದ್ದ. ಅಂಥದ್ದನ್ನು ಎಂದೂ ಕೇಳಿರಲಿಲ್ಲ. ಪಕ್ಕಕ್ಕೆ ನೋಡಿದ. ಚಂದ್ರಶೇಖರಯ್ಯನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದರು.

"ತೌಡಿನ ದೂಳು" ಎಂದರು.

"ಹೌದು ಸಾರ್" ಎಂದ ಬಸವರಾಜು. ಅವನ ಕಣ್ಣಿಗೂ ಬಿದ್ದಿತ್ತು.

ಅಂದಿನಿಂದ ಗಂಗಾಂಬಿಕೆ ಹೊತ್ತು ಹಂಚುವ ಕೆಲಸ ಬಿಟ್ಟಳು. ಐವರೂ ಒಟ್ಟಿಗೆ ಬಂದು ಕೂರುತ್ತಿದ್ದರು. ಅಮ್ಮನವರು ಹೊನ್ನಕ್ಕನಿಂದ ಎಮ್ಮೆ ಕರೆಯಲು ಕಲಿಯುತ್ತಿದ್ದರು, ಎಮ್ಮೆಗೆ ಅದು ಇಷ್ಟವಿರಲಿಲ್ಲ. ಬಸವರಾಜುವಿಗೆ ತನ್ನ ಮನೆಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ, ಕಚೇರಿಯಿಂದ ಬಂದವನು ಜಗಲಿಯಲ್ಲೇ ಕಾಫಿ ಕುಡಿಯುತ್ತಿದ್ದ.

ಮಗುವಿಗೆ ಒಂದು ವರ್ಷ ತುಂಬುವ ಮುಂಚೆ ಒಂದು ದಿನ ಅದು ಹೊನ್ನಕ್ಕನ ಮಡಿಲಿನಿಂದ ಇಳಿದು, ಸುಬ್ಬಮ್ಮನ ಮೊಣಕಾಲು ಹಿಡಿದು ಎದ್ದು, ಮೂರು ಹೆಜ್ಜೆ ನಡೆದು ಜಗಲಿಗೆ ಬಂದು ಬಸವರಾಜುವಿನ ಕಾಲನ್ನು ಹಿಡಿದುಕೊಂಡಿತು. ಅವನು ಮೊದಲ ಸಲ ಅದನ್ನು ಎತ್ತಿಕೊಂಡ. ಒಳಗಿನಿಂದ ಐದು ಧ್ವನಿಗಳು ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟವು.

ಆ ಭಾನುವಾರವೇ ಅವನು ಮಗುವನ್ನು ಎತ್ತಿಕೊಂಡು ಹಳೇಕೋಟೆಗೆ ಹೋದ. ಸೋದರಮಾವ ತೌಡಪ್ಪ ಹಿತ್ತಿಲಲ್ಲಿ ಕೊಡಲಿ ಹಿಡಿದು ಸೌದೆ ಸೀಳುತ್ತಿದ್ದ.

"ಮಾವ, ನಿನ್ನನ್ನ ಎಷ್ಟು ಜನ ಕೊಂಡಿದ್ದರು?" ಎಂದು ಕೇಳಿದ.

"ಒಬ್ಬಳೇ ಕಣಲಾ. ಮಡಕೆ ಮಾಡೋರ ಮನೆ ಲಿಂಗಕ್ಕ. ಯಾಕಲಾ?"

"ನಿನಗೀಗ ಎಷ್ಟು ವರ್ಷ?"

"ಎಂಬತ್ತು ತುಂಬ್ತು" ಎಂದು ತೌಡಪ್ಪ ಮತ್ತೊಂದು ಕೊರಡನ್ನು ಒಂದೇ ಏಟಿಗೆ ಸೀಳಿದ.

ಬಸವರಾಜು ಮನಸ್ಸಿನಲ್ಲಿ ಎಂಬತ್ತನ್ನು ಐದರಿಂದ ಗುಣಿಸಿದ. ಬಂದ ಉತ್ತರವನ್ನು ಇನ್ನೊಮ್ಮೆ ಗುಣಿಸಿ ಸರಿ ನೋಡಿದ. ಆಮೇಲೆ ತೋಳಲ್ಲಿದ್ದ, ನಾನೂರು ವರ್ಷ ಬದುಕಲಿರುವ ಆ ಮಗುವನ್ನು ಸ್ವಲ್ಪ ಜೋಪಾನವಾಗಿ, ಸ್ವಲ್ಪ ಭಯಭಕ್ತಿಯಿಂದ, ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ.